ತೋಟಾ ಎಲ್ಲಿ ನಿಂತಿತು? ಹಳೆಯ ಮಾರ್ಲಿನ್ 336 ರೈಫಲ್ಲಿನ ಫೀಡಿಂಗ್ ತೊಂದರೆ

ಪ್ರಶ್ನೆ: ನಾನು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ನೆಲೆಸಿ ಇಲ್ಲಿನ ಪೌರನಾಗಿರುವ ಕನ್ನಡಿಗ. ವಯಸ್ಸಾಯಿತೆಂದು ಬೇಟೆ ಬಿಟ್ಟ ನೆರೆಮನೆಯ ಹಿರಿಯರಿಂದ ಕಳೆದ ವರ್ಷ ಒಂದು ಮಾರ್ಲಿನ್ 336 ಲಿವರ್ ರೈಫಲ್, ಅಂದರೆ ಹಿಡಿಯ ಕೆಳಗಿನ ಸನ್ನೆಯನ್ನು ಆಡಿಸಿ ತೋಟಾ ಏರಿಸುವ ಬಗೆಯದು, ಕೊಂಡೆ. ಅದು 30-30 ಎಂಬ ಅಳತೆಯ ತೋಟಾದ್ದು. ಕ್ರಮಸಂಖ್ಯೆ 22ರಿಂದ ಆರಂಭವಾಗುತ್ತದೆ, ನಳಿಗೆಯ ಮೇಲೆ ‘ಜೆಎಂ’ ಎಂಬ ಮುದ್ರೆಯಿದೆ. ತೊಂದರೆ ಮೂರು ಬಗೆಯದು. ಕೆಲವೊಮ್ಮೆ ತೋಟಾದ ಮೂತಿ ಚೇಂಬರಿನ, ಅಂದರೆ ನಳಿಗೆಯಲ್ಲಿ ತೋಟಾ ಕೂರುವ ಗೂಡಿನ, ಕೆಳ ಅಂಚಿಗೆ ಬಡಿದು ನಿಲ್ಲುತ್ತದೆ. ಕೆಲವೊಮ್ಮೆ ಲಿವರ್ ಅರ್ಧದಲ್ಲೇ ಸಿಕ್ಕಿಬಿದ್ದು ಹಿಂದಕ್ಕೂ ಬಾರದು, ಮುಂದಕ್ಕೂ ಹೋಗದು. ಇನ್ನು ಕೆಲವೊಮ್ಮೆ ಕೊನೆಯ ತೋಟಾ, ತೋಟಾಗಳನ್ನು ತುಂಬಿಡುವ ಮ್ಯಾಗಜೀನ್ ಕೊಳವೆಯಿಂದ ಹೊರಗೆ ಬರುವುದೇ ಇಲ್ಲ. ಅಂಗಡಿಯ ತೋಟಾಗಳ ಜೊತೆಗೆ ಗೆಳೆಯರೊಬ್ಬರು ಮನೆಯಲ್ಲಿ ಮರುತುಂಬಿಸಿಕೊಟ್ಟವನ್ನೂ ಬಳಸುತ್ತೇನೆ. ತೋಟಾವನ್ನು ಮೇಲೆತ್ತಿಕೊಡುವ ಕ್ಯಾರಿಯರ್ ಎಂಬ ಭಾಗವನ್ನು ಅರದಿಂದ ಉಜ್ಜಿ ಸರಿಪಡಿಸಬಹುದೆಂದು ಒಬ್ಬರು ಹೇಳಿದರು. ಹಾಗೆ ಮಾಡಬಹುದೇ?

ಉತ್ತರ: ಅರವನ್ನು ಸದ್ಯಕ್ಕೆ ಪೆಟ್ಟಿಗೆಯಲ್ಲೇ ಇಡಿ. ನೀವು ಬರೆದಿರುವ ಮೂರು ತೊಂದರೆಗಳು ಒಂದೇ ರೋಗದ ಮೂರು ಲಕ್ಷಣಗಳಲ್ಲ. ಬಹುಮಟ್ಟಿಗೆ ಅವು ಮೂರು ಬೇರೆ ಬೇರೆ ತೊಂದರೆಗಳು, ಅವುಗಳಲ್ಲಿ ಎರಡಕ್ಕೆ ಲೋಹವನ್ನು ಮುಟ್ಟುವ ಅಗತ್ಯವೇ ಇಲ್ಲ. ಹರೆಯದಲ್ಲಿ ನಾನೇ ಒಂದು ಕ್ಯಾರಿಯರನ್ನು ಹೀಗೆ ‘ಸರಿಪಡಿಸಲು’ ಹೋಗಿ, ಕೂದಲೆಳೆಯಷ್ಟು ಹೆಚ್ಚಾಗಿ ಉಜ್ಜಿ, ಕಡೆಗೆ ಹೊಸ ಭಾಗಕ್ಕೆ ಹಣ ತೆತ್ತವನು. ಉಜ್ಜಿದ ಲೋಹ ಮರಳಿ ಬರುವುದಿಲ್ಲ. ತೋಟಾ ಕೊಳವೆಯಿಂದ ಚೇಂಬರಿಗೆ ಸಾಗುವ ದಾರಿಯಲ್ಲಿ ಎಲ್ಲಿ ನಿಂತಿತು ಎಂಬುದನ್ನು ನೋಡಲು ಕಲಿತರೆ, ಯಾವ ಭಾಗ ತಪ್ಪು ಮಾಡುತ್ತಿದೆ ಎಂಬುದನ್ನು ರೈಫಲೇ ತೋರಿಸಿಕೊಡುತ್ತದೆ.

ಮೊದಲು ನಿಮ್ಮ ಕೈಯಲ್ಲಿರುವುದು ಏನೆಂದು ಹೇಳಿಬಿಡುತ್ತೇನೆ, ಏಕೆಂದರೆ ಬಿಡಿಭಾಗ ಹುಡುಕುವಾಗ ಇದು ಬೇಕಾಗುತ್ತದೆ. ಮಾರ್ಲಿನ್ 336 ಮಾರುಕಟ್ಟೆಗೆ ಬಂದದ್ದು 1948ರಲ್ಲಿ, ಅದಕ್ಕೂ ಮುಂಚಿನ 36ನೇ ಮಾದರಿಯ ಜಾಗಕ್ಕೆ; ತೋಟಾವನ್ನು ಚೇಂಬರಿಗೆ ದೂಡುವ ಚೌಕಾಕಾರದ ಬೋಲ್ಟಿನ ಬದಲು ದುಂಡು ಬೋಲ್ಟ್ ಬಂದದ್ದು ಆಗಲೇ. 1973ರಿಂದ ಮುಂದಿನ ಮಾರ್ಲಿನ್‌ಗಳಲ್ಲಿ ಕ್ರಮಸಂಖ್ಯೆಯ ಮೊದಲ ಎರಡು ಅಂಕಿಗಳನ್ನು 100ರಿಂದ ಕಳೆದರೆ ತಯಾರಾದ ವರ್ಷ ಸಿಗುತ್ತದೆ. 22 ಎಂದರೆ 78, ಅಂದರೆ ನಿಮ್ಮದು 1978ರಲ್ಲಿ ಕನೆಕ್ಟಿಕಟ್‌ನ ನಾರ್ತ್ ಹೇವನ್ ಕಾರ್ಖಾನೆಯಿಂದ ಹೊರಬಂದದ್ದು. ‘ಜೆಎಂ’ ಎಂಬುದು ಸಂಸ್ಥಾಪಕ ಜಾನ್ ಮಾರ್ಲಿನ್ ಅವರ ಹೆಸರಿನ ಮುದ್ರೆ. ರಿಸೀವರಿನಲ್ಲಿ, ಅಂದರೆ ಯಂತ್ರವನ್ನು ಒಳಗಿಟ್ಟುಕೊಂಡ ಉಕ್ಕಿನ ಪೆಟ್ಟಿಗೆಯಲ್ಲಿ, ಅಡ್ಡಕ್ಕೆ ಒತ್ತುವ ಸೇಫ್ಟಿ ಗುಂಡಿ 1980ರ ದಶಕದಲ್ಲಿ ಸೇರಿಕೊಂಡಿತಾದ್ದರಿಂದ ನಿಮ್ಮ ರೈಫಲ್ಲಿನಲ್ಲಿ ಅದು ಇರುವುದಿಲ್ಲ. ಕುದುರೆಯ (ಈಡಿನ ಪೆಟ್ಟು ಕೊಡುವ ಸುತ್ತಿಗೆಯ) ಅರ್ಧ ಮೆಟ್ಟಿಲು ಮತ್ತು ಲಿವರನ್ನು ಪೂರ್ತಿ ಒತ್ತಿ ಹಿಡಿಯದೆ ಟ್ರಿಗರ್ ಎಳೆಯಲಾಗದಂತೆ ತಡೆಯುವ ಒಂದು ಅಡ್ಡಿ, ಇವಿಷ್ಟೇ ಅದಕ್ಕಿರುವ ಕಾವಲು. ಮಾರ್ಲಿನ್ ಹೆಸರು ಆಮೇಲೆ 2007ರ ಕೊನೆಗೆ ರೆಮಿಂಗ್ಟನ್ ಕೈಗೂ, 2020ರಲ್ಲಿ ರೂಗರ್ ಕೈಗೂ ಹೋಯಿತು. ಮೂರು ಕಾಲದ ಭಾಗಗಳು ನೋಡಲು ಒಂದೇ ಎನಿಸಿದರೂ ಒಂದರ ಜಾಗದಲ್ಲಿ ಇನ್ನೊಂದು ನೇರವಾಗಿ ಕೂರುತ್ತದೆಂದು ನಂಬಬೇಡಿ.

ಇನ್ನೊಂದು ಮಾತನ್ನು ಎಲ್ಲಕ್ಕಿಂತ ಮೊದಲೇ ಹೇಳಬೇಕು, ನಿಮ್ಮ ಮೂರನೆಯ ತೊಂದರೆಗೂ ಅದಕ್ಕೂ ನೇರ ಸಂಬಂಧವಿದೆ. ಕೊಳವೆಯ ಮ್ಯಾಗಜೀನಿರುವ ರೈಫಲ್ಲಿನಲ್ಲಿ ಲಿವರನ್ನು ಆಡಿಸಿ ಆಡಿಸಿ ‘ಇನ್ನು ಏನೂ ಬರುತ್ತಿಲ್ಲ, ಖಾಲಿಯಾಯಿತು’ ಎಂದು ತೀರ್ಮಾನಿಸುವುದು ಸಾಮಾನ್ಯ ಅಭ್ಯಾಸ. ಕೊಳವೆಯೊಳಗಿನ ಸ್ಪ್ರಿಂಗ್ ಸೋತಿದ್ದರೆ ಒಂದು ಜೀವಂತ ತೋಟಾ ಒಳಗೇ ಅಡಗಿ ಕುಳಿತಿರುತ್ತದೆ. ರೈಫಲನ್ನು ಮೇಲೆ ಕೆಳಗೆ ಅಲುಗಾಡಿಸಿದಾಗ, ಇಲ್ಲವೇ ಕಾರಿನಲ್ಲಿ ಕುಲುಕಿದಾಗ ಅದು ಹಿಂದಕ್ಕೆ ಜಾರಿ ಕ್ಯಾರಿಯರ್ ಮೇಲೆ ಬರುತ್ತದೆ. ಆದ್ದರಿಂದ ಲಿವರನ್ನು ಪೂರ್ತಿ ತೆರೆದು ಚೇಂಬರನ್ನು ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿ, ಬಳಿಕ ಟಾರ್ಚಿನ ಬೆಳಕಿನಲ್ಲಿ ಕೊಳವೆಯ ಬಾಯಿಯಲ್ಲಿ ಫಾಲೋವರ್, ಅಂದರೆ ತೋಟಾಗಳನ್ನು ಹಿಂದಕ್ಕೆ ತಳ್ಳುವ ಬಿರಡೆ, ಕಾಣಿಸುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ. ಫಾಲೋವರ್ ಕಂಡ ಮೇಲಷ್ಟೇ ಮ್ಯಾಗಜೀನ್ ಖಾಲಿ. ಮುಂದೆ ಹೇಳುವ ಪರೀಕ್ಷೆಗಳಿಗೆಲ್ಲ ಮದ್ದೂ ಪ್ರೈಮರೂ (ತೋಟಾದ ಹಿಂಬದಿಯಲ್ಲಿ ಕೂತು, ಪೆಟ್ಟು ಬಿದ್ದಾಗ ಮದ್ದಿಗೆ ಕಿಡಿ ಹೊತ್ತಿಸುವ ಬಟ್ಟಲು) ಇಲ್ಲದ ಡಮ್ಮಿ ತೋಟಾಗಳನ್ನೇ ಬಳಸಬೇಕು. ಜೀವಂತ ತೋಟಾಗಳು ಆ ಕೋಣೆಯಲ್ಲೇ ಇರಬಾರದು. ಪ್ಲಾಸ್ಟಿಕ್ಕಿನ ಡಮ್ಮಿಗಳು ಹಗುರವಾಗಿ, ನುಣುಪಾಗಿ ಇರುವುದರಿಂದ ನಿಜವಾದ ತೋಟಾ ಮಾಡುವ ತಪ್ಪನ್ನು ಅವು ಮಾಡದೆ ಹೋಗಬಹುದು. ಮರುತುಂಬಿಸುವ ನಿಮ್ಮ ಗೆಳೆಯರಿಂದ ನಿಜವಾದ ಹಿತ್ತಾಳೆ ಚಿಪ್ಪಿಗೆ ನಿಜವಾದ ಗುಂಡನ್ನು ಕೂರಿಸಿದ, ಆದರೆ ಮದ್ದೂ ಪ್ರೈಮರೂ ಇಲ್ಲದ ಆರು ಡಮ್ಮಿಗಳನ್ನು ಮಾಡಿಸಿಕೊಳ್ಳಿ. ಗುರುತಿಗೆ ಚಿಪ್ಪಿನ ಪಕ್ಕದಲ್ಲಿ ಒಂದು ತೂತು ಕೊರೆಸಿದರೆ ಜೀವಂತ ತೋಟಾದೊಂದಿಗೆ ಬೆರೆಯುವ ಭಯವಿರುವುದಿಲ್ಲ.

ಈಗ ತೋಟಾ ಸಾಗುವ ದಾರಿ. ನಳಿಗೆಯ ಕೆಳಗಿನ ಕೊಳವೆಯಲ್ಲಿ ತೋಟಾಗಳು ಒಂದರ ಹಿಂದೊಂದು ಮಲಗಿರುತ್ತವೆ, ಮುಂದಿನ ಸ್ಪ್ರಿಂಗ್ ಅವನ್ನು ಸದಾ ನಿಮ್ಮ ಕಡೆಗೆ ದೂಡುತ್ತಿರುತ್ತದೆ. ರಿಸೀವರಿನ ಒಳಗೆ ಕ್ಯಾರಿಯರ್ ಎಂಬ ಉಕ್ಕಿನ ತೊಟ್ಟಿಲು ಹಿಂಬದಿಯ ಒಂದು ಸ್ಕ್ರೂ ಮೇಲೆ ತೂಗುತ್ತದೆ. ಒಂದು ತೋಟಾ ಈ ತೊಟ್ಟಿಲ ಮೇಲೆ ಬರಬೇಕು, ಅದರ ಮುಂದಿನದು ಕೊಳವೆಯಲ್ಲೇ ಉಳಿಯಬೇಕು. ಇದು ಮೊದಲ ಕೈಬದಲು. ನೀವು ಲಿವರನ್ನು ಇಳಿಸತೊಡಗಿದಾಗ ಲಿವರಿನ ಮೂತಿಯಲ್ಲಿರುವ, ಬಸವನ ಹುಳುವಿನ ಚಿಪ್ಪಿನಂತೆ ಬಾಗಿದ ಉಬ್ಬು ಕ್ಯಾರಿಯರಿನ ಅಡಿಯನ್ನು ಒತ್ತಿ ಅದನ್ನು ತುಸುವೇ ಮೇಲೆತ್ತುತ್ತದೆ. ಹಾಗೆ ಎದ್ದ ಕ್ಯಾರಿಯರಿನ ಮುಂದಣ ಅಂಚು ಎರಡನೆಯ ತೋಟಾಕ್ಕೆ ಬಾಗಿಲು ಹಾಕಿದಂತೆ ಅಡ್ಡ ನಿಲ್ಲುತ್ತದೆ. ಅಷ್ಟರಲ್ಲಿ ಬೋಲ್ಟ್ ಹಿಂದಕ್ಕೆ ಸರಿಯುತ್ತಾ ಖಾಲಿ ಚಿಪ್ಪನ್ನು ಎಳೆದು ತರುತ್ತದೆ, ಎಡಗೋಡೆಯ ಇಜೆಕ್ಟರ್ ಅದನ್ನು ಬಲಕ್ಕೆ ಚಿಮ್ಮಿಸುತ್ತದೆ. ಲಿವರ್ ತುದಿಮುಟ್ಟಿ ಮರಳುವಾಗ ಕ್ಯಾರಿಯರಿನಲ್ಲಿ ಕೂತಿರುವ ರಾಕರ್ ಎಂಬ ಚಿಕ್ಕ ಸ್ಪ್ರಿಂಗ್ ತುಂಡಿನ ಮೂಲಕ ತೊಟ್ಟಿಲು ಪೂರ್ತಿ ಮೇಲೇರಿ ತೋಟಾದ ಮೂತಿಯನ್ನು ಚೇಂಬರಿನ ಎದುರಿಗೆ ಹಿಡಿಯುತ್ತದೆ, ಬೋಲ್ಟ್ ಬಂದು ಅದನ್ನು ಒಳಗೆ ದೂಡುತ್ತದೆ. ಇಷ್ಟೂ ಕೆಲಸ ಒಂದು ಸೆಕೆಂಡಿನೊಳಗೆ ಮುಗಿಯುವುದರಿಂದ ಕಣ್ಣಿಗೆ ಹಿಡಿಯುವುದಿಲ್ಲ. ಆದರೆ ಸಿಕ್ಕಿಬಿದ್ದಾಗ ಎಲ್ಲವೂ ಇದ್ದಲ್ಲೇ ನಿಲ್ಲುತ್ತದೆ. ಆ ಕ್ಷಣದಲ್ಲಿ ಸಿಟ್ಟಿನಿಂದ ಲಿವರನ್ನು ಜಗ್ಗುವ ಬದಲು ಬಗ್ಗಿ ನೋಡುವವನಿಗೆ ಅರ್ಧ ಉತ್ತರ ಸಿಕ್ಕಿದಂತೆಯೇ.

ನಿಮ್ಮ ಮೊದಲ ತೊಂದರೆ, ತೋಟಾದ ಮೂತಿ ಚೇಂಬರಿನ ಕೆಳ ಅಂಚಿಗೆ ಬಡಿಯುವುದು. ತೊಟ್ಟಿಲು ಸಾಕಷ್ಟು ಮೇಲೇರುವ ಮುನ್ನವೇ ಬೋಲ್ಟ್ ಬಂದುಬಿಟ್ಟಿದೆ ಎಂದು ಇದರರ್ಥ. ನೀವು ತಪ್ಪು ತಿಳಿಯಬಾರದು, ಇಲ್ಲಿ ನಾನು ಮೊದಲು ಅನುಮಾನಿಸುವುದು ಬಳಸುವವನ ಕೈಯನ್ನು. ಹೊಸದಾಗಿ ಲಿವರ್ ರೈಫಲ್ ಹಿಡಿದವರು, ಅದರಲ್ಲೂ ಹಳೆಯದನ್ನು ಕೊಂಡವರು, ಎಲ್ಲಿ ಮುರಿದೀತೋ ಎಂಬ ಅಳುಕಿನಿಂದ ಲಿವರನ್ನು ಮೆಲ್ಲಗೆ ಆಡಿಸುತ್ತಾರೆ. ತುದಿಯವರೆಗೆ ಹೋಗುವ ಮೊದಲೇ ಹಿಂದಕ್ಕೆ ತರುತ್ತಾರೆ. ಆಗ ರಾಕರ್ ತನ್ನ ಜಾಗಕ್ಕೆ ಬರುವುದೇ ಇಲ್ಲ, ತೊಟ್ಟಿಲು ಏಳುವುದಿಲ್ಲ. ಈ ಯಂತ್ರ ಕೇಳುವುದು ಗಟ್ಟಿಯಾದ, ಪೂರ್ತಿಯಾದ ಎರಡು ಚಲನೆಗಳನ್ನು: ಮುಂದಕ್ಕೆ ‘ಟಕ್’ ಎಂದು ತಡೆ ಮುಟ್ಟುವವರೆಗೆ, ಹಿಂದಕ್ಕೆ ಅಂಗೈ ಹಿಡಿಗೆ ತಾಗುವವರೆಗೆ. ಡಮ್ಮಿಗಳನ್ನು ತುಂಬಿ ಹೀಗೆ ಐವತ್ತು ಸಲ ಮಾಡಿ. ತೊಂದರೆ ಮಾಯವಾದರೆ ಅಲ್ಲಿಗೆ ಅದರ ಕಥೆ ಮುಗಿಯಿತು.

ಗಟ್ಟಿಯಾಗಿ ಆಡಿಸಿದರೂ ಮೂತಿ ಕೆಳಗೇ ಬಡಿಯುತ್ತಿದ್ದರೆ ಮುಂದಿನ ಅನುಮಾನ ಕೊಳೆಯ ಮೇಲೆ. ನಲವತ್ತು ವರ್ಷ ದಾಟಿದ ರೈಫಲ್ಲಿನ ಒಳಗೆ ಹಿಂದಿನವರು ವರ್ಷವರ್ಷವೂ ಸಿಂಪಡಿಸಿದ ಎಣ್ಣೆ ಅಂಟಾಗಿ, ಮೇಣವಾಗಿ, ಮದ್ದಿನ ಮಸಿಯೊಡನೆ ಕಲೆತು ಕೂತಿರುತ್ತದೆ. ಬೇಸಿಗೆಯಲ್ಲಿ ಸರಿಯಾಗಿದ್ದ ರೈಫಲ್ ಬೇಟೆಯ ಕಾಲದಲ್ಲಿ ಕೈಕೊಡುವುದಕ್ಕೆ ಇದೇ ಮುಖ್ಯ ಕಾರಣ. ಪೆನ್ಸಿಲ್ವೇನಿಯಾದಲ್ಲಿ ರೈಫಲ್ಲಿನ ಜಿಂಕೆ ಬೇಟೆ ಶುರುವಾಗುವುದು ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಕಳೆದ ಮೇಲೆ. ಆ ಚಳಿಯಲ್ಲಿ ಈ ಅಂಟು ಇನ್ನೂ ಗಟ್ಟಿಯಾಗುತ್ತದೆ.

ಮಾರ್ಲಿನ್ನನ್ನು ಶುಚಿಗೊಳಿಸುವುದು ಸುಲಭ, ಇದೇ ಬಗೆಯ ಇನ್ನೊಂದು ಲಿವರ್ ರೈಫಲ್ಲಾದ ವಿಂಚೆಸ್ಟರ್ 94ಕ್ಕೆ ಹೋಲಿಸಿದರೆ ಇದೊಂದು ವರವೆಂದೇ ಹೇಳಬೇಕು. ಲಿವರನ್ನು ಅರ್ಧ ತೆರೆದಿಟ್ಟು ಲಿವರಿನ ಒಂದೇ ಒಂದು ಸ್ಕ್ರೂ ತೆಗೆದರೆ ಲಿವರ್ ಕೆಳಕ್ಕೆ ಬರುತ್ತದೆ, ಬೋಲ್ಟ್ ಹಿಂದಿನಿಂದ ಜಾರಿ ಬರುತ್ತದೆ. ಆಗ ಎಡಗೋಡೆಯ ಇಜೆಕ್ಟರ್ ತಾನಾಗಿ ಕಳಚಿಕೊಳ್ಳುತ್ತದೆ. ಅದು ನೆಲಕ್ಕೆ ಬಿದ್ದು ಕಳೆದುಹೋಗುವುದೇ ಮನೆಯಲ್ಲಿ ಬಿಚ್ಚುವವರು ಅನುಭವಿಸುವ ಮೊದಲ ಸಂಕಟ, ಆದ್ದರಿಂದ ಕೆಳಗೆ ಬಿಳಿ ಬಟ್ಟೆ ಹಾಸಿಕೊಳ್ಳಿ. ಮರಳಿ ಜೋಡಿಸುವಾಗ ಇಜೆಕ್ಟರಿನ ಗುಬುಟನ್ನು ಗೋಡೆಯ ತೂತಿನಲ್ಲಿ ಮೊದಲು ಕೂರಿಸಿ, ಬೆರಳಿನಿಂದ ಒತ್ತಿ ಹಿಡಿದು ಬೋಲ್ಟನ್ನು ಅದರ ಮೇಲೆ ಜಾರಿಸಬೇಕು. ಸ್ಕ್ರೂಡ್ರೈವರಿನ ಬಾಯಿ ಸ್ಕ್ರೂವಿನ ಸೀಳಿಗೆ ಬಿಗಿಯಾಗಿ ಕೂರುವಂತಿರಲಿ; ಮನೆಯ ಸಾಮಾನ್ಯ ಸ್ಕ್ರೂಡ್ರೈವರಿನ ಬಾಯಿ ತುದಿಗೆ ತೆಳ್ಳಗಾಗುತ್ತಾ ಬರುವುದರಿಂದ ಅದು ಜಾರಿ ಸೀಳನ್ನು ಹಾಳುಮಾಡುತ್ತದೆ. ಎಲ್ಲವನ್ನೂ ಸಾಲ್ವೆಂಟಿನಲ್ಲಿ ತೊಳೆದು, ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಕ್ಯಾರಿಯರಿನ ಸುತ್ತ ತಿಕ್ಕಿ, ಒಣಗಿಸಿ, ಒರೆಸಿದರೂ ಕಾಣಿಸದಷ್ಟು ತೆಳ್ಳಗೆ ಎಣ್ಣೆ ಹಚ್ಚಿ. ಹೆಚ್ಚು ಎಣ್ಣೆ ಹಚ್ಚುವುದು ಪ್ರೀತಿಯ ಲಕ್ಷಣವೆಂದು ಕೆಲವರು ಭಾವಿಸುತ್ತಾರೆ. ಈಗ ಕೆರೆದು ತೆಗೆಯುತ್ತಿರುವ ಅಂಟು ಅಂಥ ಪ್ರೀತಿಯ ಫಲವೇ.

ಶುಚಿಯಾದ ಮೇಲೆ ಬೆರಳಿನಿಂದ ರಾಕರನ್ನು ಒತ್ತಿ ಬಿಡಿ. ಅದು ಚಟ್ಟನೆ ಮರಳಬೇಕು. ಸೋಮಾರಿಯಂತೆ ಮರಳಿದರೆ ಅಥವಾ ಒಳಗೇ ಉಳಿದರೆ ಅದರ ಸ್ಪ್ರಿಂಗ್ ಮುರಿದಿದೆ ಇಲ್ಲವೇ ಇನ್ನೂ ಕೊಳೆಯಿದೆ. ಕ್ಯಾರಿಯರಿನ ಸ್ಕ್ರೂ ಸಡಿಲವಾಗಿ ತೊಟ್ಟಿಲು ಎಡಬಲಕ್ಕೆ ಅಲುಗುತ್ತಿದೆಯೇ ಎಂಬುದನ್ನೂ ನೋಡಿ. ಬಲಗಡೆ ತೋಟಾ ತುಂಬುವ ಲೋಡಿಂಗ್ ಗೇಟನ್ನು ಹಿಡಿದಿರುವ ಸ್ಕ್ರೂ ಸಡಿಲವಾಗಿದ್ದರೆ, ಅಥವಾ ಆ ಗೇಟಿನ ಹಾಳೆ ಒಳಕ್ಕೆ ಬಾಗಿದ್ದರೆ, ಅದು ತೋಟಾವನ್ನು ಎಡಗೋಡೆಗೆ ಒತ್ತಿ ಏರಲು ಬಿಡುವುದಿಲ್ಲ. ಹಿಂದಿನವರಲ್ಲಿ ಯಾರಾದರೂ ಗೇಟು ಗಡುಸೆಂದು ಅದನ್ನು ಬಗ್ಗಿಸಿರುವುದು ಅಪರೂಪವಲ್ಲ.

ಮೂರನೆಯ ತೊಂದರೆಯನ್ನು ಎರಡನೆಯದಕ್ಕಿಂತ ಮೊದಲೇ ಮುಗಿಸುತ್ತೇನೆ, ಏಕೆಂದರೆ ಅದು ಸರಳ. ಮೊದಲ ನಾಲ್ಕೈದು ತೋಟಾಗಳು ಸರಿಯಾಗಿ ಬಂದು ಕೊನೆಯದು ಮಾತ್ರ ಕೊಳವೆಯಲ್ಲೇ ಉಳಿದರೆ ಸ್ಪ್ರಿಂಗ್ ದಣಿದಿದೆ ಎಂದರ್ಥ. ತುಂಬಿದಾಗ ಚೆನ್ನಾಗಿ ಒತ್ತಲ್ಪಟ್ಟು ಬಲ ತೋರುವ ಸ್ಪ್ರಿಂಗಿಗೆ ಕೊನೆಯ ತೋಟಾವನ್ನು ದೂಡುವಷ್ಟು ಉದ್ದ ಉಳಿದಿರುವುದಿಲ್ಲ. ಕೊಳವೆಯ ಮುಂತುದಿಯ ಮುಚ್ಚಳವನ್ನು ಹಿಡಿದಿರುವ ಸ್ಕ್ರೂ ಬಿಚ್ಚಿ ಸ್ಪ್ರಿಂಗನ್ನು ಹೊರತೆಗೆಯಿರಿ. ಬಿಚ್ಚುವಾಗ ಮುಚ್ಚಳವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಿರಬೇಕು, ಮುಖ ಅದರ ಎದುರಿಗೆ ಇರಬಾರದು. ಸ್ಪ್ರಿಂಗ್ ಅದನ್ನು ಕೋಣೆಯ ಆಚೆ ಗೋಡೆಗೆ ಎಸೆಯಬಲ್ಲದು. ಆರೋಗ್ಯವಾಗಿರುವ ಸ್ಪ್ರಿಂಗನ್ನು ಬಿಡುವಾಗಿ ನೆಲದ ಮೇಲೆ ಮಲಗಿಸಿದರೆ ಕೊಳವೆಗಿಂತ ಒಂದು ಗೇಣಿನಷ್ಟಾದರೂ ಉದ್ದ ಇರಬೇಕೆಂಬುದು ನಾನು ಪಾಲಿಸುವ ಅಂದಾಜು. ಅದಕ್ಕಿಂತ ಕುಗ್ಗಿದ್ದರೆ, ನಡುವೆ ಎಲ್ಲಾದರೂ ಸೊಟ್ಟಗಾಗಿದ್ದರೆ ಹೊಸದನ್ನು ಹಾಕಿ. ಹಳೆಯದನ್ನು ಎಳೆದು ಉದ್ದ ಮಾಡುವ ಉಪಾಯ ಒಂದು ಋತುವಿಗೂ ಬಾಳುವುದಿಲ್ಲ.

ಹೊಸ ಸ್ಪ್ರಿಂಗ್ ಹಾಕುವ ಮೊದಲು ಖಾಲಿ ಕೊಳವೆಯನ್ನು ಪರೀಕ್ಷಿಸಿ. ಫಾಲೋವರನ್ನು ಒಳಗೆ ಬಿಟ್ಟು ಒಂದು ಮರದ ಕೋಲಿನಿಂದ ಮೆಲ್ಲಗೆ ತಳ್ಳಿದರೆ ಈ ತುದಿಯಿಂದ ಆ ತುದಿಗೆ ಒಂದೇ ಸಮನಾಗಿ ಜಾರಬೇಕು. ಎಲ್ಲಾದರೂ ತಡೆದರೆ ಒಳಗೆ ತುಕ್ಕೋ ಹೊರಗಿನಿಂದ ಬಿದ್ದ ನೆಗ್ಗೋ ಇದೆ. ಬೇಲಿ ಹಾರುವಾಗ, ಟ್ರಕ್ಕಿನ ಹಿಂಬದಿಯಲ್ಲಿ ಎಸೆದಾಗ ಕೊಳವೆ ನೆಗ್ಗಿರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಕಣ್ಣಿಗೆ ಕಾಣದ ನೆಗ್ಗನ್ನೂ ಕೋಲು ಕಂಡುಹಿಡಿಯುತ್ತದೆ. ಸಣ್ಣ ನೆಗ್ಗನ್ನು ಒಳಕ್ಕೆ ಬಿಗಿಯಾಗಿ ಹಿಡಿಯುವ ಉಕ್ಕಿನ ಸಲಾಕೆ ತೂರಿಸಿ ಎಬ್ಬಿಸಬಹುದು, ದೊಡ್ಡದಾದರೆ ಕೊಳವೆಯನ್ನೇ ಬದಲಿಸುವುದು ಮೇಲು. ಮರಳಿ ಕೂರಿಸುವಾಗ ಕೊಳವೆಯ ಹಿಂತುದಿ ರಿಸೀವರಿನ ಗುಂಡಿಯೊಳಗೆ ಪೂರ್ತಿ ಹೋಗಿದೆಯೇ, ಕೊಳವೆಯನ್ನು ನಳಿಗೆಗೆ ಬಿಗಿದಿಡುವ ಬ್ಯಾಂಡಿನ ಸ್ಕ್ರೂಗಳು ತಮ್ಮ ತೋಡಿಗೆ ಸರಿಯಾಗಿ ಬಂದಿವೆಯೇ ನೋಡಿ. ಅಲ್ಲಿ ಒಂದು ಸಣ್ಣ ಮೆಟ್ಟಿಲು ಉಳಿದರೂ ತೋಟಾದ ಹಿಂಬದಿಯ ಅಂಚುಪಟ್ಟಿ ಅದಕ್ಕೆ ತಗಲಿಕೊಳ್ಳುತ್ತದೆ.

ಇನ್ನು ಎರಡನೆಯದು, ಲಿವರ್ ಅರ್ಧದಲ್ಲಿ ಬೀಗ ಹಾಕಿದಂತೆ ನಿಲ್ಲುವುದು. ಇದೇ ನಿಜವಾದ ತೊಂದರೆ. ಅಮೆರಿಕದ ಬಂದೂಕು ದುರಸ್ತಿಗಾರರು ಇದಕ್ಕೆ ‘ಮಾರ್ಲಿನ್ ಜಾಮ್’ ಎಂದೇ ಹೆಸರಿಟ್ಟಿದ್ದಾರೆ. ಪಿಸ್ತೂಲ್ ತೋಟಾದ 1894 ಮಾದರಿಯಲ್ಲಿ ಇದು ಹೆಚ್ಚು ಕುಖ್ಯಾತ, ಆದರೆ 336 ಇದರಿಂದ ಹೊರತಲ್ಲ. ಮೊದಲು ಹೇಳಿದೆನಲ್ಲ, ಲಿವರ್ ಇಳಿಯತೊಡಗಿದಾಗ ಅದರ ಉಬ್ಬು ಕ್ಯಾರಿಯರನ್ನು ತುಸು ಎತ್ತಿ ಎರಡನೆಯ ತೋಟಾಕ್ಕೆ ಬಾಗಿಲು ಹಾಕುತ್ತದೆ ಎಂದು. ಎಷ್ಟೋ ಲಿವರ್‌ಗಳಲ್ಲಿ ಆ ಉಬ್ಬಿನ ಅಂಚನ್ನು ಕಾರ್ಖಾನೆಯಲ್ಲಿ ದುಂಡಗೆ ಮಾಡದೆ ಚೂಪಾಗಿಯೇ ಬಿಟ್ಟಿದ್ದಾರೆ. ಪ್ರತಿ ಸಲ ಲಿವರ್ ಆಡಿದಾಗಲೂ ಆ ಚೂಪು ಕ್ಯಾರಿಯರಿನ ಅಡಿಯನ್ನು ಉಳಿಯಂತೆ ಕೆರೆಯುತ್ತದೆ. ವರ್ಷಗಳು ಕಳೆದಂತೆ ಅಲ್ಲೊಂದು ಹಳ್ಳ ಬೀಳುತ್ತದೆ, ಹಳ್ಳ ಆಳವಾದಷ್ಟೂ ಕ್ಯಾರಿಯರ್ ಏಳುವುದು ಕಡಿಮೆಯಾಗುತ್ತದೆ. ಒಂದು ದಿನ ಬಾಗಿಲು ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ಎರಡನೆಯ ತೋಟಾದ ಅಂಚುಪಟ್ಟಿ ಕ್ಯಾರಿಯರಿನ ಅಡಿಗೆ ನುಸುಳುತ್ತದೆ. ಕ್ಯಾರಿಯರ್ ಇಳಿಯುವಂತಿಲ್ಲ, ಲಿವರ್ ಚಲಿಸುವಂತಿಲ್ಲ.

ಕ್ಯಾರಿಯರನ್ನು ಉಜ್ಜಬಾರದೆಂದು ನಾನು ಆರಂಭದಲ್ಲೇ ಹೇಳಿದ್ದು ಏಕೆಂದು ಈಗ ನಿಮಗೆ ಹೊಳೆದಿರಬೇಕು. ಈ ರೋಗಕ್ಕೆ ಕಾರಣವೇ ಕ್ಯಾರಿಯರಿನಿಂದ ಲೋಹ ಸವೆದುಹೋಗಿರುವುದು. ಇನ್ನಷ್ಟು ಉಜ್ಜಿ ಹಳ್ಳವನ್ನು ‘ನುಣುಪು’ ಮಾಡಿದರೆ ರೋಗವನ್ನೇ ಬೆಳೆಸಿದಂತೆ.

ಹೀಗೆ ಸಿಕ್ಕಿಬಿದ್ದಾಗ ಬಿಡಿಸುವ ಕ್ರಮವನ್ನು ಎಚ್ಚರಿಕೆಯಿಂದ ಓದಿ, ಏಕೆಂದರೆ ಆಗ ಒಳಗಿರುವುದು ಡಮ್ಮಿಯಲ್ಲ. ಮೂತಿ ಸುರಕ್ಷಿತ ದಿಕ್ಕಿಗಿರಲಿ, ಬೆರಳು ಟ್ರಿಗರಿನಿಂದ ದೂರವಿರಲಿ, ಲಿವರನ್ನು ಬಲವಂತವಾಗಿ ಒತ್ತಬೇಡಿ, ಅದಕ್ಕೆ ಸುತ್ತಿಗೆಯನ್ನಂತೂ ತೋರಿಸಲೇಬೇಡಿ. ಲೋಡಿಂಗ್ ಗೇಟನ್ನು ಒತ್ತಿ ಅಲ್ಲಿಂದ ಒಂದು ಮರದ ಅಥವಾ ಪ್ಲಾಸ್ಟಿಕ್ಕಿನ ಕಡ್ಡಿಯನ್ನು ತೂರಿಸಿ, ನುಸುಳಿಬಂದ ತೋಟಾದ ಅಂಚುಪಟ್ಟಿಯನ್ನು ಮುಂದಕ್ಕೆ, ಕೊಳವೆಯೊಳಗೆ ತಳ್ಳಿದರೆ ಲಿವರ್ ಸಡಿಲಗೊಳ್ಳುತ್ತದೆ. ಇದಕ್ಕೆ ಸ್ಕ್ರೂಡ್ರೈವರ್ ಬಳಸುವವರನ್ನು ನೋಡಿದ್ದೇನೆ, ನನಗೆ ಮೈ ಜುಮ್ಮೆನ್ನುತ್ತದೆ: ನಿಮ್ಮ ಕಡೆಗೆ ಮುಖ ಮಾಡಿರುವುದು ತೋಟಾದ ಪ್ರೈಮರ್, ಅದನ್ನು ಉಕ್ಕಿನ ತುದಿಯಿಂದ ತಿವಿಯುವುದು ಎಂದರೆ ಫೈರಿಂಗ್ ಪಿನ್ನಿನ ಕೆಲಸವನ್ನು ನೀವೇ ಮಾಡಲು ಹೊರಟಂತೆ. ಕಡ್ಡಿಗೆ ಬಗ್ಗದಿದ್ದರೆ ಅಲ್ಲಿಗೇ ನಿಲ್ಲಿಸಿ ದುರಸ್ತಿಗಾರರಲ್ಲಿಗೆ ಹೋಗಿ. ಒಳಗೆ ತೋಟಾ ಸಿಕ್ಕಿದೆಯೆಂದು ಮೊದಲೇ ಫೋನ್ ಮಾಡಿ ತಿಳಿಸಿ, ಅವರು ಹೇಳಿದಂತೆ ಒಯ್ಯಿರಿ.

ಕಾರಣ ಇದೇ ಎಂದು ಖಚಿತಪಡಿಸಿಕೊಳ್ಳುವ ಬಗೆ: ರೈಫಲ್ ಖಾಲಿಯಿರುವಾಗ ಲಿವರ್ ಮತ್ತು ಬೋಲ್ಟ್ ತೆಗೆದು, ಕೆಳಗಿನಿಂದ ಟಾರ್ಚ್ ಹಿಡಿದು ಕ್ಯಾರಿಯರಿನ ಅಡಿಯನ್ನು, ಲಿವರಿನ ಉಬ್ಬು ತಾಗುವ ಜಾಗವನ್ನು ನೋಡಿ. ಅಲ್ಲಿ ಹೊಳೆಯುವ ಗೆರೆಯಿದ್ದರೆ ಗಾಬರಿಪಡಬೇಕಾಗಿಲ್ಲ, ಅದು ಎಲ್ಲದರಲ್ಲೂ ಇರುತ್ತದೆ. ಉಗುರನ್ನು ಅಡ್ಡ ಎಳೆದಾಗ ತಡೆದು ನಿಲ್ಲುವಂಥ ಹಳ್ಳವಿದ್ದರೆ ನಿಮ್ಮ ಆರೋಪಿ ಸಿಕ್ಕಿದ. ಲಿವರಿನ ಉಬ್ಬಿನ ಅಂಚಿನ ಮೇಲೂ ಹೆಬ್ಬೆರಳಾಡಿಸಿ ನೋಡಿ. ಉಗುರು ಹೆರೆಯುವಷ್ಟು ಚೂಪಾಗಿದ್ದರೆ ಅದು ಅವನ ಆಯುಧ.

ಮನೆಯಲ್ಲಿ ನೀವು ಮಾಡಬಹುದಾದ ಲೋಹದ ಕೆಲಸ ಒಂದೇ ಒಂದಿದೆ, ಅದೂ ಕ್ಯಾರಿಯರಿನ ಮೇಲಲ್ಲ, ಲಿವರಿನ ಮೇಲೆ. ಆ ಚೂಪು ಅಂಚನ್ನು ನಯವಾದ ಸಾಣೆಕಲ್ಲಿನಿಂದಲೋ 400, ಆಮೇಲೆ 600ನೇ ನಂಬರಿನ ಎಮರಿ ಕಾಗದದಿಂದಲೋ ಬರೀ ಚೂಪು ಹೋಗುವಷ್ಟು, ದೊಣ್ಣೆಯ ತುದಿಯಂತೆ ದುಂಡಗಾಗುವಷ್ಟು ಮುರಿದು ಮಿಂಚುಗೊಳಿಸಿ. ಉಬ್ಬಿನ ಎತ್ತರ ಒಂದಿಷ್ಟೂ ಕಡಿಮೆಯಾಗಬಾರದು, ಏಕೆಂದರೆ ಕ್ಯಾರಿಯರನ್ನು ಎತ್ತುವುದು ಆ ಎತ್ತರವೇ. ಇದು ಆಗಿರುವ ಹಳ್ಳವನ್ನು ತುಂಬುವುದಿಲ್ಲ, ಮುಂದೆ ಆಳವಾಗದಂತೆ ತಡೆಯುತ್ತದೆ, ಅಷ್ಟೇ. ಹಳ್ಳ ಇನ್ನೂ ಆಳವಾಗಿರದಿದ್ದರೆ ಇಷ್ಟೇ ಸಾಕಾಗಬಹುದು.

ಹಳ್ಳ ಆಳವಾಗಿದ್ದರೆ ದಾರಿ ಮೂರು. ಹಳ್ಳದ ಮೇಲೆ ತೆಳುವಾದ ಉಕ್ಕಿನ ತಗಡನ್ನೋ ಸ್ಪ್ರಿಂಗ್ ತಂತಿಯ ತುಂಡನ್ನೋ ಕೂರಿಸಿ ಎತ್ತರ ಕೊಡುವುದು ಒಂದು. ಕೈಚಳಕವಿದ್ದವರು ಇದನ್ನು ವರ್ಷಗಟ್ಟಲೆ ಬಾಳುವಂತೆ ಮಾಡಿದ್ದಾರೆ, ಆದರೆ ಬೇಟೆಯ ನಡುವೆ ಆ ತುಂಡು ಕಳಚಿ ಯಂತ್ರದೊಳಗೆ ಬಿದ್ದರೆ ಏನಾದೀತೆಂದು ಯೋಚಿಸಿ ನಾನು ಅದನ್ನು ಹೊಸಬರಿಗೆ ಹೇಳುವುದಿಲ್ಲ. ಟಿಗ್ ಎಂಬ ಸೂಕ್ಷ್ಮ ಬಗೆಯ ವೆಲ್ಡಿಂಗಿನಿಂದ ಹಳ್ಳ ತುಂಬಿಸಿ ಮತ್ತೆ ಅಳತೆಗೆ ತರುವುದು ಇನ್ನೊಂದು, ಇದು ಅನುಭವಿ ಕೈಯ ಕೆಲಸ. ಕ್ಯಾರಿಯರನ್ನೇ ಬದಲಿಸುವುದು ಮೂರನೆಯದು, ನಿಮಗೆ ನನ್ನ ಸಲಹೆ ಇದೇ. ರೂಗರ್ ತಾನು ತಯಾರಿಸಿದ ಮಾರ್ಲಿನ್‌ಗಳಿಗಷ್ಟೇ ಸೇವೆ ಕೊಡುವುದರಿಂದ ನಿಮ್ಮ ರೈಫಲ್ಲಿಗೆ ಹಳೆಯ ಭಾಗಗಳ ವ್ಯಾಪಾರಿಗಳನ್ನೇ ಹುಡುಕಬೇಕಾಗುತ್ತದೆ. ನ್ಯೂಯಾರ್ಕ್ ರಾಜ್ಯದ ನ್ಯೂಮ್ರಿಕ್ ಅಂಥವರಲ್ಲಿ ಹಳಬರು. ಕೊಳ್ಳುವಾಗ 336ರದ್ದೇ, 30-30ರದ್ದೇ, ನಾರ್ತ್ ಹೇವನ್ ಕಾಲದ್ದೇ ಎಂದು ಕೇಳಿ. ಬಿಚ್ಚಿದ ರೈಫಲ್ಲಿನಿಂದ ಬಂದ ಭಾಗವಾದರೆ ಅದರ ಅಡಿಯಲ್ಲೂ ಇದೇ ಹಳ್ಳ ಇದ್ದೀತು, ಚಿತ್ರ ತರಿಸಿ ನೋಡದೆ ಹಣ ಕೊಡಬೇಡಿ. ಅದನ್ನು ಕೂರಿಸಲು ಹಿಂದಿನ ಮರದ ಹಿಡಿ, ಕುದುರೆ, ಟ್ರಿಗರಿನ ತಟ್ಟೆ ಎಲ್ಲ ಬಿಚ್ಚಬೇಕಾಗುತ್ತದೆ, ಕೂರಿಸಿದ ಮೇಲೆ ಏರಿಳಿತದ ಹೊತ್ತು ಸರಿಯಾಗಿದೆಯೇ ಎಂದು ನೋಡಬೇಕಾಗುತ್ತದೆ. ಈ ಒಂದು ಕೆಲಸವನ್ನು ಲಿವರ್ ರೈಫಲ್ ಬಲ್ಲ ದುರಸ್ತಿಗಾರರಿಗೆ ಒಪ್ಪಿಸಿ. ‘ಫೀಡ್ ಆಗುತ್ತಿಲ್ಲ’ ಎಂದಷ್ಟೇ ಹೇಳಿ ರೈಫಲ್ ಕೊಟ್ಟುಬರಬೇಡಿ. ‘ಲಿವರ್ ಅರ್ಧದಲ್ಲಿ ನಿಲ್ಲುತ್ತದೆ, ಎರಡನೆಯ ತೋಟಾ ಕ್ಯಾರಿಯರಿನ ಅಡಿಗೆ ನುಸುಳುತ್ತದೆ, ಅಡಿಯಲ್ಲಿ ಉಗುರು ತಡೆಯುವ ಹಳ್ಳವಿದೆ’ ಎಂದು ಹೇಳಿ. ಅವರು ಹುಡುಕಾಟಕ್ಕೆ ಕಳೆಯುವ ಗಂಟೆಗಳ ಹಣ ಉಳಿಯುತ್ತದೆ.

ತೋಟಾಗಳ ವಿಷಯವನ್ನು ಬೇಕೆಂದೇ ಕೊನೆಗೆ ಉಳಿಸಿಕೊಂಡೆ, ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಚಿಂತೆ ಹುಟ್ಟಿಸಿದ್ದು ಗೆಳೆಯರ ಮರುತುಂಬಿದ ತೋಟಾಗಳೇ. 30-30 ತೋಟಾದ ಒಟ್ಟು ಉದ್ದ 2.550 ಇಂಚು, ಅಂದರೆ ಸುಮಾರು 64.8 ಮಿಲಿಮೀಟರ್ ಮೀರಬಾರದು. ಮೀರಿದ್ದು ಕೊಳವೆಯಿಂದ ಹೊರಬಂದು ತೊಟ್ಟಿಲಲ್ಲಿ ಪೂರ್ತಿ ಕೂರುವುದಿಲ್ಲ. ಒಂದು ಕ್ಯಾಲಿಪರ್ ತೆಗೆದುಕೊಂಡು ಹತ್ತನ್ನು ಅಳೆಯಿರಿ. ಕೊಳವೆಯಲ್ಲಿ ಕಾಯುತ್ತಿರುವ ತೋಟಾಗಳ ಮೇಲೆ ಸ್ಪ್ರಿಂಗಿನ ಒತ್ತಡವೂ ಪ್ರತಿ ಈಡಿನ ಹೊಡೆತವೂ ಬೀಳುವುದರಿಂದ, ಚಿಪ್ಪಿನ ಬಾಯನ್ನು ಗುಂಡಿನ ಸುತ್ತಲ ಗೀರಿನೊಳಕ್ಕೆ ಬಿಗಿಯಾಗಿ ಮಡಿಸದಿದ್ದರೆ ಗುಂಡು ಹಿಂದಕ್ಕೆ ಕುಸಿಯುತ್ತದೆ. ಕುಸಿದ ತೋಟಾ ಗಿಡ್ಡವಾಗಿ ಫೀಡಿಂಗ್ ಕೆಡಿಸುವುದಷ್ಟೇ ಅಲ್ಲ, ಒಳಗಿನ ಒತ್ತಡವನ್ನೂ ಏರಿಸುತ್ತದೆ. ಎರಡು ಈಡು ಹಾರಿಸಿದ ಮೇಲೆ ಕೊಳವೆಯಲ್ಲಿ ಉಳಿದವನ್ನು ಹೊರತೆಗೆದು ಮತ್ತೆ ಅಳೆದರೆ ಗೆಳೆಯರ ಕೈಕೆಲಸ ಎಷ್ಟು ಬಿಗಿಯೆಂಬುದು ತಿಳಿಯುತ್ತದೆ.

ಗುಂಡಿನ ಮೂತಿಯ ಆಕಾರ ಕೇಳಲೇಬೇಕಾದ ಪ್ರಶ್ನೆ. ಕೊಳವೆಯಲ್ಲಿ ಒಂದರ ಮೂತಿ ಮುಂದಿನದರ ಪ್ರೈಮರಿಗೆ ತಾಗಿಕೊಂಡಿರುವುದರಿಂದ ಚಪ್ಪಟೆ ಅಥವಾ ಮೊಂಡು ಮೂತಿಯ ಗುಂಡೇ ಆಗಬೇಕು. ಗಡುಸು ಚೂಪು ಗುಂಡು ಪ್ರೈಮರನ್ನು ಚುಚ್ಚಿ ಕೊಳವೆಯಲ್ಲೇ ಸಿಡಿಯಬಹುದು. ಹಾರ್ನಡಿ ಕಂಪನಿಯ ಮೆತ್ತನೆಯ ರಬ್ಬರಿನಂಥ ತುದಿಯಿರುವ ಚೂಪು ತೋಟಾ ಇದಕ್ಕೆ ಅಪವಾದ, ಅದನ್ನು ಕೊಳವೆಯ ಮ್ಯಾಗಜೀನಿಗೆಂದೇ ಮಾಡಿದ್ದಾರೆ. ಅದರ ಚಿಪ್ಪು ಸಾಮಾನ್ಯ 30-30ಕ್ಕಿಂತ ತುಸು ಗಿಡ್ಡ, ಮರುತುಂಬುವವರು ಎರಡನ್ನೂ ಬೆರೆಸಿದರೆ ಬಾಯಿ ಮಡಿಸುವ ಬಿಗಿ ಒಂದೊಂದರಲ್ಲಿ ಒಂದೊಂದು ತೆರನಾಗುತ್ತದೆ. ಗೆಳೆಯರನ್ನು ಈ ಬಗ್ಗೆ ವಿಚಾರಿಸಿ. ರೈಫಲ್ ಸರಿಯಾಗುವವರೆಗೆ ಅಂಗಡಿಯ ಒಂದೇ ಬಗೆಯ, ಮೊಂಡು ಮೂತಿಯ ತೋಟಾವನ್ನಷ್ಟೇ ಬಳಸಿ.

ಓದುವ ಇತರರಿಗಾಗಿ ಎರಡು ಮಾತು. ಅಮೆರಿಕದಲ್ಲಿ ತಾತ್ಕಾಲಿಕ ವೀಸಾದ ಮೇಲಿರುವವರು ಬಂದೂಕು ಇಟ್ಟುಕೊಳ್ಳುವುದನ್ನು ಅಲ್ಲಿನ ಕೇಂದ್ರ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಅಲ್ಲಿನ ರಾಜ್ಯವೊಂದರ ಊರ್ಜಿತ ಬೇಟೆ ಪರವಾನಗಿ ಇರುವವರಿಗೆ ವಿನಾಯಿತಿಯಿದೆ. ಕೊಡಗು, ಮಲೆನಾಡಿನಲ್ಲಿ ಅಜ್ಜನ ಕಾಲದ ಕೋವಿ ಇಟ್ಟುಕೊಂಡಿರುವವರು ಇದನ್ನೋದಿ ಸ್ಕ್ರೂಡ್ರೈವರ್ ಹಿಡಿಯುವ ಮುನ್ನ, ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ದುರಸ್ತಿಯೂ ಪರವಾನಗಿಯ ವ್ಯಾಪ್ತಿಗೆ ಬರುತ್ತದೆಂಬುದನ್ನು ನೆನಪಿಡಬೇಕು. ತೊಳೆದು ಒರೆಸಿ ಎಣ್ಣೆ ಹಚ್ಚುವುದರ ಆಚೆಗಿನದು ಪರವಾನಗಿ ಪಡೆದ ದುರಸ್ತಿಗಾರರ ಕೆಲಸ.

ನಿಮ್ಮ ರೈಫಲ್ಲಿಗೆ ಮರಳಿ ಹೇಳುವುದಾದರೆ, ಈ ವಾರ ಶುಚಿ ಮಾಡಿ, ಸ್ಪ್ರಿಂಗ್ ಬದಲಿಸಿ, ಲಿವರಿನ ಚೂಪು ಮುರಿದು, ಆರು ಡಮ್ಮಿಗಳನ್ನು ತುಂಬಿ ಹತ್ತು ಸಲ, ಅಂದರೆ ಅರವತ್ತು ತೋಟಾಗಳಷ್ಟು, ಲಿವರ್ ಆಡಿಸಿ. ಮೂತಿ ಕೆಳಗಿಟ್ಟು ಕೆಲವು ಸಲ, ಮೇಲಿಟ್ಟು ಕೆಲವು ಸಲ, ಮೆಲ್ಲಗೆ ಕೆಲವು ಸಲ, ಬಿರುಸಾಗಿ ಕೆಲವು ಸಲ ಮಾಡಿ, ಎಲ್ಲಿ ನಿಂತಿತು ಎಂಬುದನ್ನು ಒಂದು ಕಾಗದದಲ್ಲಿ ಗುರುತು ಹಾಕಿಕೊಳ್ಳಿ. ಒಮ್ಮೆಯಾದರೂ ಅರ್ಧದಲ್ಲಿ ಬೀಗ ಬಿದ್ದರೆ ಕ್ಯಾರಿಯರ್ ಬದಲಿಸದೆ ವಿಧಿಯಿಲ್ಲ. ಒಮ್ಮೆಯೂ ನಿಲ್ಲದಿದ್ದರೆ ಶೂಟಿಂಗ್ ರೇಂಜಿಗೆ ಹೋಗಿ, ಮೊದಲ ಸಲ ಕೊಳವೆಗೆ ಎರಡೇ ತೋಟಾ ತುಂಬಿ ಶುರುಮಾಡಿ.